ನಾಲ್ಕು ಬೆರಳಿನ ದೂರ

ಗದಗಿನಿಂದ ಒಂದು ಪತ್ರ ಬಂದಿದೆ. ಬರೆದವರು ಬ್ಯಾಂಕಿನಿಂದ ನಿವೃತ್ತರಾದವರು, ನಮ್ಮ ಹಳೆಯ ಚಂದಾದಾರರು. ಪತ್ರದ ಸಾರ ಇಷ್ಟು: 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಬರುತ್ತಿದೆ, ಇನ್ನು ನಮಗೆ ಚಿನ್ನ ಗ್ಯಾರಂಟಿ. "ನೀವು ಮಾತ್ರ ಒಲಿಂಪಿಕ್ಸ್ ಅಂದ ಕೂಡಲೇ ಪಿ.ಟಿ. ಉಷಾ, ಮಿಲ್ಖಾ ಸಿಂಗ್ ಅಂತ ಸೋತವರ ಕಥೆ ತೆಗೆಯುತ್ತೀರಿ. ನಾಲ್ಕನೆಯವರನ್ನು ಯಾರು ನೆನಪಿಡುತ್ತಾರೆ? ಗೆದ್ದವರ ಬಗ್ಗೆ ಬರೆಯಿರಿ" ಎಂದಿದ್ದಾರೆ.

ಹಿರಿಯರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಸ್ವಲ್ಪ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಎರಡನೇ ಸಲ ಓದುವಾಗ ಕೊನೆಯಲ್ಲಿ, ಸಹಿಯ ಕೆಳಗೆ ನೀವು ಬರೆದ ಎರಡು ಸಾಲು ಕಣ್ಣಿಗೆ ಬಿದ್ದವು. ಆ ಮಾತು ಆಮೇಲೆ.

ಕ್ರಿಕೆಟ್ ಬರಲಿ. 1900ರಲ್ಲಿ ಪ್ಯಾರಿಸ್‌ನಲ್ಲಿ ಒಂದೇ ಒಂದು ಪಂದ್ಯ ಆಡಿ ಹೋದ ಆಟ ಅದು. ಈಗ ಟಿ20 ರೂಪದಲ್ಲಿ ಬರುತ್ತಿದೆ, ಗಂಡಸರದು ಆರು ತಂಡ, ಹೆಂಗಸರದು ಆರು ತಂಡ. 2025ರ ನವೆಂಬರ್‌ನಲ್ಲಿ ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದ ರಾತ್ರಿ ನಾನೂ ನಿದ್ದೆಗೆಟ್ಟು ನೋಡಿದ್ದೇನೆ. ಅವರ ಕೊರಳಿಗೆ ಒಲಿಂಪಿಕ್ ಪದಕ ಬಿದ್ದರೆ ಆಫೀಸಿನಲ್ಲಿ ಪೇಢೆ ಹಂಚುವವನು ನಾನೇ. ನಿಮ್ಮೂರಿನ ಸುನಿಲ್ ಜೋಶಿ ಅವರನ್ನೇ ನೋಡಿ. ಹುಡುಗನಾಗಿದ್ದಾಗ ನಸುಕಿನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಪ್ರ್ಯಾಕ್ಟೀಸಿಗೆ ಬಂದು ಶಾಲೆಯ ಹೊತ್ತಿಗೆ ವಾಪಸ್ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರ್‌ಗಳಲ್ಲಿ 6 ರನ್ನಿಗೆ 5 ವಿಕೆಟ್ ಕಿತ್ತರು. ಇದೆಲ್ಲ ಒಪ್ಪಿದೆ.

ಆದರೆ ನಾಲ್ಕನೆಯವರನ್ನು ಯಾರು ನೆನಪಿಡುತ್ತಾರೆ ಅಂದಿರಲ್ಲ, ಅದನ್ನು ಮಾತ್ರ ಬಿಡಲಾರೆ.

1984ರ ಆಗಸ್ಟ್ 9, ಗುರುವಾರ. ನಾನು ಧಾರವಾಡದಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದೆ. ಹೊರಗೆ ಜಿಟಿಜಿಟಿ ಮಳೆ. ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಓಡಿದ 400 ಮೀಟರ್ ಹರ್ಡಲ್ಸ್ ಫೈನಲ್ ಆಗಿತ್ತು. ನಮ್ಮ ಲೆಕ್ಕದ ಮಾಸ್ತರು ರೇಡಿಯೋ ಸುದ್ದಿ ಕೇಳಿಕೊಂಡೇ ಬಂದಿದ್ದರು. ಒದ್ದೆ ಕೊಡೆಯನ್ನು ಮೂಲೆಗಿಟ್ಟು, ಹಾಜರಿ ಕೂಡ ತೆಗೆಯದೆ ಬೋರ್ಡಿನ ಮೇಲೆ 400 ಬರೆದರು. ಅದರ ಕೆಳಗೆ ಉಷಾ ತೆಗೆದುಕೊಂಡ ಸೆಕೆಂಡು, 55.42. ಭಾಗಿಸಿ ಅಂದರು. ಸೆಕೆಂಡಿಗೆ ಏಳು ಮೀಟರ್ ಚಿಲ್ಲರೆ ಬಂತು. ಹಾಗಾದರೆ ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ ಎಷ್ಟು? ಏಳು ಸೆಂಟಿಮೀಟರ್. ಮಾಸ್ತರು ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಗೆರೆಗೆ ತಾಗಿಸಿ ನಾಲ್ಕು ಬೆರಳು ಇಟ್ಟು, ಆಚೆ ಇನ್ನೊಂದು ಗೆರೆ ಎಳೆದರು. "ಇಷ್ಟ ನೋಡ್ರೋ, ನಾಕ ಬಟ್ಟು!" ಅಂದರು. ಆಮೇಲೆ ಕೈ ಕೊಡವಿಕೊಂಡು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು. ಮುಂದಿನ ಪಿರಿಯಡ್ಡಿಗೆ ಬಂದ ಕನ್ನಡ ಮಾಸ್ತರು ಆ ಎರಡು ಗೆರೆ ಒರೆಸಲಿಲ್ಲ. ಬೋರ್ಡಿನ ಉಳಿದ ಜಾಗದಲ್ಲೇ ಪದ್ಯ ಬರೆದರು.

ಮೂರನೇ ಸ್ಥಾನದ ರುಮೇನಿಯಾದ ಹುಡುಗಿಯದು 55.41. ಉಷಾ ನಾಲ್ಕನೆಯವರು. ಚಿನ್ನ ಗೆದ್ದವರು ಮೊರಾಕ್ಕೊದ ನವಾಲ್ ಎಲ್ ಮುತವಕಿಲ್. ದೊಡ್ಡ ಓಟಗಾರ್ತಿ, ಆದರೆ ಆ ಹೆಸರಿಗಾಗಿ ನಾನೀಗ ಪುಸ್ತಕ ತೆಗೆಯಬೇಕಾಯಿತು. ಉಷಾ ಹೆಸರಿಗೆ ಪುಸ್ತಕ ಬೇಕಾ? ನಿಮಗೆ ಬೇಕಾ, ಹೇಳಿ.

ತೀರಾ ಮೊನ್ನೆಯದನ್ನೇ ತೆಗೆದುಕೊಳ್ಳಿ. 2024ರಲ್ಲಿ ಪ್ಯಾರಿಸ್‌ನಲ್ಲಿ ನಮಗೆ ಆರು ಪದಕ ಬಂದವು. ಆರನ್ನೂ ಬೆರಳು ಮಡಚಿ ಹೇಳುವವರು ನಮ್ಮ ಓಣಿಯಲ್ಲಿ ಎಷ್ಟು ಜನ ಇದ್ದಾರೋ. ಆದರೆ 100 ಗ್ರಾಂ ಅಂದರೆ ಸಾಕು, ವಿನೇಶ್ ಫೋಗಟ್ ಅಂತ ಕಿರಾಣಿ ಅಂಗಡಿಯ ಹುಡುಗನೂ ಹೇಳುತ್ತಾನೆ. ಹೊರದೇಶದವರ ಎದುರು ಸೋತೇ ಗೊತ್ತಿಲ್ಲದ ಜಪಾನಿನ ಯುಯಿ ಸುಸಾಕಿಯನ್ನು ಮೊದಲ ಕುಸ್ತಿಯಲ್ಲೇ ಮಣಿಸಿ ಫೈನಲ್ ಮುಟ್ಟಿದ ಹೆಣ್ಣುಮಗಳು ಆಕೆ. ಫೈನಲ್ ದಿನ ಬೆಳಿಗ್ಗೆ ತೂಕ 100 ಗ್ರಾಂ ಹೆಚ್ಚಾಯಿತು ಅಂತ ಹೊರಗೆ ಹಾಕಿದರು, ಪದಕದ ಪಟ್ಟಿಯಲ್ಲಿ ಹೆಸರೇ ಇಲ್ಲ. ನಮ್ಮ ಮನಸ್ಸಿನಲ್ಲಿ ಇದೆ ಅಲ್ವಾ?

ಇನ್ನೂ ಹಿಂದಕ್ಕೆ ಹೋಗೋಣ, ನಮ್ಮ ನೆಲಕ್ಕೇ ಬರುತ್ತೇವೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು ನೋಡಿ ಸರ್ ದೊರಾಬ್ಜಿ ಟಾಟಾ ಅವರಿಗೆ ಒಲಿಂಪಿಕ್ಸ್‌ಗೆ ತಂಡ ಕಳಿಸುವ ಮನಸ್ಸಾಯಿತು. 1920ರ ಆಂಟ್‌ವರ್ಪ್‌ಗೆ ಹೋದದ್ದು ನಾಲ್ವರು ಓಟಗಾರರು, ಇಬ್ಬರು ಕುಸ್ತಿಯವರು. ಆ ನಾಲ್ವರಲ್ಲಿ ಇಬ್ಬರು ನಮ್ಮ ಕಡೆಯವರು, ಬೆಳಗಾವಿಯ ಫಡೆಪ್ಪ ಚೌಗುಲೆ ಮತ್ತು ಹುಬ್ಬಳ್ಳಿಯ ಕೈಕಾಡಿ. ಚೌಗುಲೆ ಮ್ಯಾರಥಾನ್‌ನಲ್ಲಿ 2 ಗಂಟೆ 50 ನಿಮಿಷದಲ್ಲಿ ಗುರಿ ಮುಟ್ಟಿ 19ನೆಯವರಾದರು. ನೂರು ವರ್ಷ ದಾಟಿತು. ಹುಬ್ಬಳ್ಳಿಯಲ್ಲಿ ನಿಂತು ಕೈಕಾಡಿ ಯಾರು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದು ರಸ್ತೆಗೆ, ಒಂದು ಸರ್ಕಲ್ಲಿಗೆ ಆ ಹೆಸರು ಇಟ್ಟರೆ ಏನು ಗಂಟು ಹೋಗುತ್ತಿತ್ತು?

ಹಿಂದಿನವರಿಗೆ ಈ ಬುದ್ಧಿ ಇತ್ತು. 1952ರಲ್ಲಿ ಹೆಲ್ಸಿಂಕಿಯಿಂದ ಕುಸ್ತಿಯ ಕಂಚು ತಂದ ಕೆ.ಡಿ. ಜಾಧವ್ ಅವರನ್ನು ಕರಾಡದ ಜನ ನೂರಕ್ಕೂ ಹೆಚ್ಚು ಚಕ್ಕಡಿ ಹೂಡಿ ಮೆರವಣಿಗೆ ಮಾಡಿದರು. ಹೋಗುವಾಗ ಖರ್ಚಿಗೆ ಹಣ ಕೂಡಿಸಿ ಕೊಟ್ಟವರೂ ಜನರೇ. ಕಾಲೇಜಿನ ಪ್ರಿನ್ಸಿಪಾಲರು ಮನೆಯನ್ನೇ ಒತ್ತೆ ಇಟ್ಟಿದ್ದರು.

ನನ್ನ ಸಂಕಟ ಕ್ರಿಕೆಟ್ ಬಗ್ಗೆ ಅಲ್ಲ ಹಿರಿಯರೇ. ಕ್ರಿಕೆಟ್ಟಿಗೆ ವರ್ಷದ ಹನ್ನೆರಡು ತಿಂಗಳೂ ಟಿವಿ ಇದೆ, ದುಡ್ಡಿದೆ. ಓಡುವವರಿಗೆ, ಕುಸ್ತಿ ಹಿಡಿಯುವವರಿಗೆ, ಈಟಿ ಎಸೆಯುವವರಿಗೆ ಇರುವುದು ನಾಲ್ಕು ವರ್ಷಕ್ಕೊಮ್ಮೆ ಹದಿನೈದು ದಿನ. ಆ ಹದಿನೈದು ದಿನವೂ ನಾವು ಸ್ಕೋರ್ ಎಷ್ಟಾಯಿತು ಅಂತ ಕೇಳುತ್ತಾ ಕೂತರೆ ಆ ಮಕ್ಕಳನ್ನು ನೋಡುವವರು ಯಾರು?

2036ರ ಒಲಿಂಪಿಕ್ಸ್ ಅಹಮದಾಬಾದಿಗೆ ಬೇಕು ಅಂತ ದೇಶ ಕೇಳುತ್ತಿದೆ. ಕೇಳಲಿ, ಬಂದರೆ ಸಂತೋಷ. ಆದರೆ ನಾನು ಓದಿದ ಶಾಲೆಗೆ ಹೋದ ತಿಂಗಳು ಹೋಗಿದ್ದೆ. ಲಾಂಗ್ ಜಂಪ್ ಗುಂಡಿಯಲ್ಲಿ ಎದೆಮಟ್ಟ ಕಾಂಗ್ರೆಸ್ ಕಸ. ಓಟದ ಟ್ರ್ಯಾಕಿಗೆ ಸುಣ್ಣ ಹಾಕುತ್ತಿದ್ದ ಕಡೆ ಈಗ ಬೈಕ್ ನಿಲ್ಲಿಸುತ್ತಾರೆ. ಪಿ.ಟಿ. ಮಾಸ್ತರು ನಿವೃತ್ತರಾದ ಮೇಲೆ ಬೇರೆಯವರು ಬಂದಿಲ್ಲ. ಆ ಪಿರಿಯಡ್ಡಿನಲ್ಲಿ ಮಕ್ಕಳಿಗೆ ಗಣಿತ ಮಾಡಿಸುತ್ತಾರೆ. ಹೆಡ್‌ಮಾಸ್ತರರ ಕೋಣೆಯ ಹಿಂದೆ ಆರು ಕಬ್ಬಿಣದ ಹರ್ಡಲ್ಸ್ ಒಂದರ ಮೇಲೊಂದು ಬಿದ್ದಿದ್ದವು. ಒಂದನ್ನು ಎತ್ತಿ ನಿಲ್ಲಿಸಿ ನೋಡಿದೆ. ತುಕ್ಕು ಅಂಗೈಗೆ ಅಂಟಿತು, ಆದರೆ ಅದು ನೆಟ್ಟಗೆ ನಿಂತಿತು.

ಇಷ್ಟಾದರೂ ಆಡುವವರು ಆಡುತ್ತಲೇ ಇದ್ದಾರೆ. ಬ್ರಿಟಿಷರು ಬೇಲಿ ಹಾಕಿ ಜನರನ್ನು ಕೂಡಿಟ್ಟಿದ್ದ ಹುಬ್ಬಳ್ಳಿಯ ಸೆಟ್ಲ್‌ಮೆಂಟಿನ ಮಕ್ಕಳು ಹಾಕಿ ಸ್ಟಿಕ್ ಹಿಡಿದು ಬೆಳೆದರು. ನಿಮ್ಮ ಬೆಟಗೇರಿಯಲ್ಲೂ ಹಾಕಿ ಆಡುವ ಹುಡುಗರಿದ್ದಾರೆ. 2021ರಲ್ಲಿ ಟೋಕಿಯೊದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ 41 ವರ್ಷದ ಮೇಲೆ ಹಾಕಿ ಪದಕ ಬಂತಲ್ಲ, ಆ ಹುಡುಗರು ಅದನ್ನು ಹೇಗೆ ನೋಡಿದರು ಅಂತ ಒಂದು ಸಂಜೆ ಹೋಗಿ ಕೇಳಿ ಬನ್ನಿ. ನಿಮ್ಮ ಮನೆಯಿಂದ ಎಷ್ಟು ದೂರ!

ಈಗ ಆ ಎರಡು ಸಾಲು. "ನಮ್ಮ ಅಣ್ಣ 1978ರಲ್ಲಿ ಧಾರವಾಡದ ಜಿಲ್ಲಾ ಕೂಟದಲ್ಲಿ 1500 ಮೀಟರ್ ಓಡಿದ್ದ. ನಾಲ್ಕನೇ ನಂಬರ್ ಬಂದ, ಸರ್ಟಿಫಿಕೇಟ್ ಮೂವರಿಗೇ ಕೊಟ್ಟರು" ಅಂತ ಬರೆದಿದ್ದೀರಿ. ಆಗಿನ್ನೂ ಗದಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅಷ್ಟು ವರ್ಷದ ಹಿಂದಿನ ಓಟದ ಇಸವಿ, ದೂರ, ನಂಬರು ಯಾವುದನ್ನೂ ನೀವು ಮರೆತಿಲ್ಲ. ನಮಗೆ ಬೇಕಾದ ಲೇಖನ ಅದೇ. ಅಣ್ಣ ಶೂ ಹಾಕಿದ್ದರಾ, ಬರಿಗಾಲಾ? ಊರಿಂದ ಯಾರು ಜೊತೆಗೆ ಹೋಗಿದ್ದರು? ವಾಪಸ್ ಬಂದ ರಾತ್ರಿ ಮನೆಯಲ್ಲಿ ಅವ್ವ ಏನಂದರು? ಎಲ್ಲ ಬರೆಯಿರಿ, ಎರಡು ಪುಟ ಖಾಲಿ ಇಡುತ್ತೇನೆ. ಫೋಟೊ ಇದ್ದರೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ಹಾಳಾಗದ ಹಾಗೆ ವಾಪಸ್ ಮುಟ್ಟಿಸುವ ಹೊಣೆ ನನ್ನದು.

— ಸಂಪಾದಕ