ಡಂಡಾಸ್‌ನ ಕಿತ್ತಳೆ ಕಡ್ಡಿಗಳು

ಟಾಸ್ಮೇನಿಯಾದ ಡಂಡಾಸ್‌ನಲ್ಲಿ ಕಪ್ಪು-ಕಂದು ಕಲ್ಲಿನ ಪೊಟರೆಯೊಳಗೆ ಕಂಡ ಕಿತ್ತಳೆ ಕಡ್ಡಿಗಳು ಕ್ರೊಕೊಯಿಟ್ ಎಂಬ ಖನಿಜದ ಹರಳುಗಳಿರಬಹುದೇ, ಬಿಡಿಸುವುದು ಹೇಗೆ ಎಂದು ಕೇಳಿದ್ದೀರಿ. ಆ ಊರು, ಆ ಬಣ್ಣ ಎಂದರೆ ಬಹುತೇಕ ಅದೇ. ಉದುರಿದ ಚೂರೊಂದನ್ನು ಮೆರುಗಿಲ್ಲದ ಪಿಂಗಾಣಿಯ ಮೇಲೆ ಎಳೆಯಿರಿ; ಹಳದಿ ಬೆರೆತ ಕಿತ್ತಳೆ ಗೀರು ಮೂಡಬೇಕು. ಸೀಸದ ಕ್ರೋಮೇಟ್ ಆದ್ದರಿಂದ ಸಾಂದ್ರತೆ ನೀರಿನ ಸುಮಾರು 6 ಪಟ್ಟು. ಬಣ್ಣದಲ್ಲಿ ಹೋಲುವ ರಿಯಾಲ್ಗರ್ ಎಂಬ ಆರ್ಸೆನಿಕ್ ಖನಿಜ ಇಷ್ಟು ತೂಗುವುದಿಲ್ಲ.

ಕಡ್ಡಿಗಳನ್ನು ಮಾತ್ರ ಮುಟ್ಟಲೇಬೇಡಿ. ಹಲವು ಟೊಳ್ಳಾಗಿರುತ್ತವೆ, ಹಪ್ಪಳದಂತೆ ಮುರಿಯುತ್ತವೆ. ಪೊಟರೆಯಿಂದ ದೂರದಲ್ಲಿ ಉಳಿ ಇಟ್ಟು, ತಳದ ಕಲ್ಲಿನ ಸಮೇತ ಎತ್ತಿ. ಒಯ್ಯುವಾಗ ಹರಳುಗಳಿಗೆ ಹತ್ತಿ ಸುತ್ತಿ ಎಂಬ ಸಲಹೆಯನ್ನು ನಾನಂತೂ ಒಪ್ಪುವುದಿಲ್ಲ. ಎಳೆ ಸಿಕ್ಕಿಕೊಂಡು ಬಿಡಿಸುವಾಗಲೇ ಅರ್ಧ ಹೋಗುತ್ತದೆ. ಕಲ್ಲನ್ನು ಡಬ್ಬಿಯ ತಳಕ್ಕೆ ಭದ್ರಪಡಿಸಿ, ಹರಳುಗಳಿಗೆ ಏನೂ ತಾಗದಂತೆ ಒಯ್ಯಿರಿ. ದೂಳು ವಿಷ, ಕೈಗವಸು ಮತ್ತು ಮುಖಗವಸು ಬೇಕು. ಗಣಿ ಗುತ್ತಿಗೆದಾರರ ಅನುಮತಿ ಇಲ್ಲದೆ ಉಳಿ ಎತ್ತಬೇಡಿ.