ಓದುಗರ ಪ್ರಶ್ನೆ, ವೈದ್ಯರ ಉತ್ತರ: ಗಡ್ಡೆ ಕರಗಿದರೂ ಮತ್ತೆ ಪೆಟ್ ಸ್ಕ್ಯಾನ್ ಏಕೆ?

ಪ್ರಶ್ನೆ: 28 ವರ್ಷದ ನನ್ನ ತಮ್ಮನಿಗೆ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಆಗಿದ್ದು, ಬೆಳಗಾವಿಯಲ್ಲಿ ಎರಡು ತಿಂಗಳಿನಿಂದ ಕಿಮೋಥೆರಪಿ ನಡೆದಿದೆ. ಕುತ್ತಿಗೆಯ ಗಡ್ಡೆ ಈಗ ಕೈಗೇ ಸಿಗುವುದಿಲ್ಲ. ಆದರೂ ಎರಡನೆಯ ಸಲ ಪೆಟ್-ಸಿಟಿ ಮಾಡಿಸಲು ಹೇಳಿದ್ದಾರೆ. ಮೊದಲನೆಯದಕ್ಕೇ ಕಬ್ಬಿನ ಬಿಲ್ಲಿನ ಹಣ ಹೋಗಿದೆ. ಕಣ್ಣಿಗೆ ಕಾಣುವ ಗುಣಕ್ಕೆ ಮತ್ತೊಂದು ಪರೀಕ್ಷೆ ಏಕೆ? ಅದರಲ್ಲಿ ಕೆಟ್ಟದ್ದು ಬಂದರೆ ಅವನ ಹಣೆಬರಹ ಅಷ್ಟೇ ಎಂದು ತಿಳಿಯಬೇಕೆ?
— ಜಮಖಂಡಿ ತಾಲ್ಲೂಕಿನ ಓದುಗರು

ಉತ್ತರ: ಗಡ್ಡೆಯ ಗಾತ್ರ ಬೇರೆ, ಗಡ್ಡೆಯ ಜೀವ ಬೇರೆ. ಹಾಡ್ಜ್‌ಕಿನ್ ಕಾಯಿಲೆಯ ಗಡ್ಡೆಯಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು ತೀರ ಕಡಿಮೆ. ಉಳಿದದ್ದೆಲ್ಲ ಅವುಗಳ ಸುತ್ತ ಸೇರಿಕೊಂಡ ಉರಿಯೂತದ ಕೋಶಗಳು ಮತ್ತು ನಾರು. ಹೀಗಾಗಿ ಕೋಶಗಳೆಲ್ಲ ಸತ್ತ ಮೇಲೂ ಎದೆಯೊಳಗೆ ಕಲೆಯಂತಹ ಗಂಟು ಉಳಿಯಬಹುದು. ಹಾಗೆಯೇ ಗಡ್ಡೆ ಮುಕ್ಕಾಲು ಕರಗಿದ ಮೇಲೂ ಉಳಿದ ಕಾಲು ಭಾಗದಲ್ಲಿ ಜೀವವಿರಬಹುದು. ಕೈಗೆ ಮತ್ತು ಸಾಮಾನ್ಯ ಸಿಟಿ ಸ್ಕ್ಯಾನಿಗೆ ಗಾತ್ರ ತಿಳಿಯುತ್ತದೆಯೇ ಹೊರತು ಈ ವ್ಯತ್ಯಾಸ ತಿಳಿಯುವುದಿಲ್ಲ.

ಪೆಟ್ ಸ್ಕ್ಯಾನ್ ನೋಡುವುದು ಸಕ್ಕರೆಯ ಹಸಿವನ್ನು. ವಿಕಿರಣ ಸೂಸುವ ಫ್ಲೋರಿನ್-18 ಅನ್ನು ಗ್ಲೂಕೋಸಿನಂತಹ ಅಣುವಿಗೆ ಜೋಡಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಹಸಿದ ಕೋಶ ಅದನ್ನು ಸಕ್ಕರೆಯೆಂದೇ ಒಳಗೆಳೆದುಕೊಳ್ಳುತ್ತದೆ, ಆದರೆ ಪೂರ್ತಿ ಜೀರ್ಣಿಸಿಕೊಳ್ಳಲಾಗದ ಕಾರಣ ಅದು ಅಲ್ಲೇ ಸಿಕ್ಕಿಬಿದ್ದು ಚಿತ್ರದಲ್ಲಿ ಹೊಳೆಯುತ್ತದೆ. ಔಷಧ ನಾಟಿದ್ದರೆ, ಗಡ್ಡೆ ಕುಗ್ಗುವುದಕ್ಕಿಂತ ಎಷ್ಟೋ ಮೊದಲೇ ಈ ಹಸಿವು ಇಂಗುತ್ತದೆ. ಕಿಮೋದ ಎರಡೇ ಸುತ್ತಿನ ನಂತರ ಸ್ಕ್ಯಾನ್ ಮಾಡಿಸುವುದು ಇದಕ್ಕಾಗಿಯೇ.

ಹೊಳಪು ಎಷ್ಟಿದ್ದರೆ ಹೆಚ್ಚು ಎಂಬುದಕ್ಕೆ ಅಳತೆಗೋಲು ರೋಗಿಯ ದೇಹದಲ್ಲೇ ಇದೆ. ಫ್ರಾನ್ಸಿನ ಡೋವಿಲ್ ಎಂಬ ಊರಿನಲ್ಲಿ 2009ರಲ್ಲಿ ಸೇರಿದ ತಜ್ಞರು ರೂಪಿಸಿದ 1ರಿಂದ 5ರವರೆಗಿನ ಅಂಕಗಳಲ್ಲಿ, ಗಡ್ಡೆಯ ಹೊಳಪನ್ನು ಅದೇ ವ್ಯಕ್ತಿಯ ಎದೆಯ ದೊಡ್ಡ ರಕ್ತನಾಳ ಮತ್ತು ಯಕೃತ್ತಿನ ಹೊಳಪಿನೊಂದಿಗೆ ಹೋಲಿಸುತ್ತಾರೆ. ಯಕೃತ್ತನ್ನು ಮೀರದಿದ್ದರೆ ಸಾಮಾನ್ಯವಾಗಿ ಸಮಾಧಾನ. ಮೀರಿದರೆ, ಅಂದರೆ 4 ಅಥವಾ 5 ಬಂದರೆ, ಚಿಕಿತ್ಸೆಯನ್ನು ಮರುಪರಿಶೀಲಿಸಬೇಕಾಗುತ್ತದೆ. ನಿಮ್ಮ ತಮ್ಮನ ವರದಿಯಲ್ಲಿ ಮೊದಲು ಹುಡುಕಬೇಕಾದದ್ದು ಈ ಅಂಕವನ್ನು.

ಇನ್ನು ಹಣೆಬರಹದ ಮಾತು. 2007ರಲ್ಲಿ ಪ್ರಕಟವಾದ ಇಟಲಿ ಮತ್ತು ಡೆನ್ಮಾರ್ಕ್‌ನ 260 ರೋಗಿಗಳ ಅಧ್ಯಯನದಲ್ಲಿ, ಎರಡು ಸುತ್ತಿನ ನಂತರದ ಪೆಟ್ ಶುದ್ಧವಾಗಿದ್ದವರಲ್ಲಿ ಶೇ. 95ರಷ್ಟು ಮಂದಿಗೆ ಎರಡು ವರ್ಷಗಳವರೆಗೆ ರೋಗ ಮುಂದುವರಿದಿರಲಿಲ್ಲ. ಹೊಳಪು ಉಳಿದವರಲ್ಲಿ ಆ ಪ್ರಮಾಣ ಸುಮಾರು ಶೇ. 13 ಮಾತ್ರ. ಓದಿದರೆ ಎದೆ ಝಲ್ಲೆನ್ನುವ ಅಂಕಿ, ನಿಜ. ಆದರೆ ಅವರಲ್ಲಿ ಬಹುಪಾಲು ರೋಗಿಗಳಿಗೆ ಸ್ಕ್ಯಾನಿನ ಫಲ ನೋಡಿ ಔಷಧ ಬದಲಿಸಿರಲಿಲ್ಲ. 2016ರಲ್ಲಿ ಪ್ರಕಟವಾದ, ರೋಗ ಮುಂದುವರಿದ ಹಂತದಲ್ಲಿದ್ದ 1,200ಕ್ಕೂ ಹೆಚ್ಚು ಮಂದಿಯ ಇನ್ನೊಂದು ಅಧ್ಯಯನದಲ್ಲಿ, ಹೊಳಪು ಉಳಿದವರನ್ನು ಕೂಡಲೇ ಇನ್ನೂ ಪ್ರಬಲವಾದ ಔಷಧಗಳಿಗೆ ವರ್ಗಾಯಿಸಲಾಯಿತು. ಮೂರು ವರ್ಷಗಳಾದರೂ ಅವರಲ್ಲಿ ಶೇ. 67.5ರಷ್ಟು ಮಂದಿಗೆ ರೋಗ ಮುಂದುವರಿದಿರಲಿಲ್ಲ. ಎರಡೂ ಬೇರೆ ಬೇರೆ ಅಧ್ಯಯನಗಳಾದ್ದರಿಂದ ಅಂಕಿಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲವಾದರೂ, ಸ್ಕ್ಯಾನ್ ಹೇಳುವ ಭವಿಷ್ಯವು ಔಷಧ ಬದಲಿಸದಿದ್ದರೆ ಏನಾದೀತು ಎಂಬುದರ ಭವಿಷ್ಯವೆಂದು ನಾನು ರೋಗಿಗಳಿಗೆ ಹೇಳುತ್ತೇನೆ.

ಅದೇ ಅಧ್ಯಯನದಲ್ಲಿ ಸ್ಕ್ಯಾನ್ ಶುದ್ಧವಾಗಿದ್ದವರಲ್ಲಿ ಅರ್ಧದಷ್ಟು ಮಂದಿಗೆ ಕಿಮೋದ ನಾಲ್ಕು ಔಷಧಗಳ ಪೈಕಿ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲ ಬ್ಲಿಯೋಮೈಸಿನ್ ಅನ್ನು ಮುಂದಿನ ಸುತ್ತುಗಳಿಂದ ಕೈಬಿಡಲಾಯಿತು. ಮೂರು ವರ್ಷಗಳ ಫಲ ಹೆಚ್ಚುಕಡಿಮೆ ಒಂದೇ: ಪೂರ್ಣ ಔಷಧ ಪಡೆದವರಲ್ಲಿ ಶೇ. 85.7, ಬಿಟ್ಟವರಲ್ಲಿ ಶೇ. 84.4. ನಾಳೆ ಹೊಲದಲ್ಲಿ ದುಡಿಯಬೇಕಾದ 28ರ ಯುವಕನಿಗೆ ಶ್ವಾಸಕೋಶ ಉಳಿಯುವುದು ಸಣ್ಣ ಲಾಭವಲ್ಲ. ಖರ್ಚಿನ ಭಾರ ನನಗೆ ತಿಳಿಯದ್ದಲ್ಲ. ಆದರೂ ಈ ಕಾಯಿಲೆಯಲ್ಲಿ ಎರಡು ಸ್ಕ್ಯಾನುಗಳ ಪೈಕಿ ಚಿಕಿತ್ಸೆಯ ದಾರಿಯನ್ನು ತಿರುಗಿಸುವುದು ಹೆಚ್ಚಾಗಿ ಎರಡನೆಯದೇ.

ಸ್ಕ್ಯಾನ್ ಕೆಡದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲೂ ಇದೆ. ಸಾಧ್ಯವಾದರೆ ಮೊದಲಿನ ಯಂತ್ರದಲ್ಲೇ, ಮೂರನೆಯ ಸುತ್ತಿಗೆ ಸ್ವಲ್ಪ ಮೊದಲು ಮಾಡಿಸಿ. ಕಿಮೋ ಆದ ಕೂಡಲೇ ಮಾಡಿಸಿದರೆ ಚಿತ್ರ ದಾರಿ ತಪ್ಪಿಸುತ್ತದೆ. ಬಿಳಿ ರಕ್ತಕಣ ಹೆಚ್ಚಿಸುವ ಚುಚ್ಚುಮದ್ದು ಪಡೆದಿದ್ದರೆ ಎಲುಬಿನ ಮಜ್ಜೆಯೆಲ್ಲ ಹೊಳೆಯುವುದರಿಂದ ಅದರ ದಿನಾಂಕ ತಿಳಿಸಿ. ಕ್ಷಯ ಮತ್ತು ಇತರ ಸೋಂಕುಗಳೂ ಕ್ಯಾನ್ಸರಿನಂತೆಯೇ ಹೊಳೆಯುತ್ತವೆ. ನಮ್ಮ ಕಡೆ ಇದು ಅಪರೂಪವಲ್ಲ. ಆದ್ದರಿಂದ ಕೆಮ್ಮು, ಜ್ವರವಿದ್ದರೆ ಮುಚ್ಚಿಡಬೇಡಿ. ಹೊಸ ಜಾಗದಲ್ಲಿ ಅನುಮಾನಾಸ್ಪದ ಹೊಳಪು ಕಂಡರೆ, ಚಿಕಿತ್ಸೆ ಬದಲಿಸುವ ಮುನ್ನ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಬೇಕೇ ಎಂದು ಕೇಳಿ. ಆರು ತಾಸು ಉಪವಾಸ, ನೀರು ಮಾತ್ರ. ಜಮಖಂಡಿಯಿಂದ ನಸುಕಿನ ಬಸ್ ಹತ್ತಿ, ನಡುವೆ ನಿಲ್ದಾಣದಲ್ಲಿ ಸಕ್ಕರೆ ಚಹಾ ಕುಡಿದು ಬಂದವರನ್ನು ಹಾಗೆಯೇ ವಾಪಸು ಕಳಿಸಿದ್ದುಂಟು. ಹಿಂದಿನ ಸಂಜೆಯೇ ಬಂದು ಉಳಿಯುವುದು ಮೇಲು, ಏಕೆಂದರೆ ಸ್ಕ್ಯಾನಿಗೆ ಚುಚ್ಚುವ ಔಷಧವೂ ಕಾಯುವುದಿಲ್ಲ: ಪ್ರತಿ 110 ನಿಮಿಷಕ್ಕೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ.

ಪ್ರಶ್ನೆ: ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಹರಡಿದೆ. ಲುಟೀಷಿಯಂ ಚಿಕಿತ್ಸೆ ಕೊಡಬಹುದೇ ಎಂದು ತಿಳಿಯಲು ಬೇರೊಂದು ಪೆಟ್ ಬೇಕೆಂದಿದ್ದಾರೆ. ಏಕೆ?
— ಇಂಡಿ ತಾಲ್ಲೂಕಿನ ಓದುಗರು

ಉತ್ತರ: ಇಲ್ಲಿ ನೋಡುವುದು ಸಕ್ಕರೆಯನ್ನಲ್ಲ, ಕ್ಯಾನ್ಸರ್ ಕೋಶದ ಮೈಮೇಲಿರುವ ಪಿಎಸ್‌ಎಂಎ ಎಂಬ ಪ್ರೋಟೀನನ್ನು. ವಿಕಿರಣ ಸೂಸುವ ಲುಟೀಷಿಯಂ-177 ಔಷಧ ಹೋಗಿ ಅಂಟಿಕೊಳ್ಳುವುದೂ ಅದಕ್ಕೇ. ಸ್ಕ್ಯಾನಿನಲ್ಲಿ ಗಡ್ಡೆಗಳು ಯಕೃತ್ತಿಗಿಂತ ಚೆನ್ನಾಗಿ ಹೊಳೆದರೆ ಔಷಧಕ್ಕೆ ಬಾಗಿಲು ಇದೆಯೆಂದರ್ಥ. ಹೊಳೆಯದಿದ್ದರೆ ಚಿಕಿತ್ಸೆಯಿಂದ ಲಾಭದ ನಿರೀಕ್ಷೆ ಕಡಿಮೆ. 2021ರಲ್ಲಿ ಪ್ರಕಟವಾದ 831 ರೋಗಿಗಳ ಅಧ್ಯಯನದಲ್ಲಿ ಹೀಗೆ ಆಯ್ದವರಿಗೆ, ಎಂದಿನ ಚಿಕಿತ್ಸೆಯ ಜೊತೆ ಲುಟೀಷಿಯಂ ಕೊಟ್ಟಾಗ, ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ 11.3 ತಿಂಗಳಿನಿಂದ 15.3 ತಿಂಗಳಿಗೆ ಏರಿತು. ಅವರೆಲ್ಲ ಹಾರ್ಮೋನ್ ಔಷಧ ಮತ್ತು ಕಿಮೋ ಎರಡನ್ನೂ ಮುಗಿಸಿದ್ದವರು ಎಂಬುದನ್ನು ಗಮನಿಸಿ, ನಿಮ್ಮ ತಂದೆ ಯಾವ ಹಂತದಲ್ಲಿದ್ದಾರೆಂದು ವೈದ್ಯರನ್ನು ಕೇಳಿ.

ಪ್ರಶ್ನೆ: ಪೆಟ್ ಸ್ಕ್ಯಾನ್ ಆದ ದಿನ ಎರಡು ವರ್ಷದ ಮಗುವನ್ನು ಎತ್ತಿಕೊಳ್ಳಬಹುದೇ?
— ಗೋಕಾಕದ ಓದುಗರು

ಉತ್ತರ: ಸಕ್ಕರೆಯ ಪೆಟ್ ಆದರೆ ಆ ದಿನ ಸಂಜೆಯವರೆಗೆ ಬೇಡ. ಹೆಚ್ಚು ನೀರು ಕುಡಿದು, ಆಗಾಗ ಮೂತ್ರಕ್ಕೆ ಹೋಗಿ. ಮರುದಿನ ಅದೇ ಹೊತ್ತಿಗೆ ಚುಚ್ಚಿದ ವಿಕಿರಣದಲ್ಲಿ ಎಂಟು ಸಾವಿರದಲ್ಲೊಂದು ಪಾಲೂ ಉಳಿದಿರುವುದಿಲ್ಲ. ಲುಟೀಷಿಯಂ ಚಿಕಿತ್ಸೆಗೆ ಈ ಮಾತು ಅನ್ವಯಿಸದು. ಅದರ ವಿಕಿರಣ ಅರ್ಧಕ್ಕಿಳಿಯಲು ಆರೂವರೆ ದಿನಕ್ಕೂ ಹೆಚ್ಚು ಬೇಕು, ಆಗ ಆಸ್ಪತ್ರೆಯವರು ಬರೆದುಕೊಡುವ ಸೂಚನೆಯನ್ನೇ ಪಾಲಿಸಬೇಕು.