ಆ ‘ಬಹುದು’ ಬಿಟ್ಟದ್ದು ನಮ್ಮ ತಪ್ಪು

ಓದುಗರ ಪತ್ರ: “ಡಾರ್ಕ್ ಎನರ್ಜಿ ಬದಲಾಗುವುದೇ ಇಲ್ಲ ಅಂತ ಇಷ್ಟು ವರ್ಷ ಬರೆದಿರಿ. ಹೋದ ಸಂಚಿಕೆಯಲ್ಲಿ ‘ಡಾರ್ಕ್ ಎನರ್ಜಿ ಕುಗ್ಗುತ್ತಿದೆ’ ಎಂದಿದ್ದೀರಿ. ಅಷ್ಟು ದೂರಕ್ಕೆ ಟೇಪು ಹಿಡಿದವರು ಯಾರು? ಯಾವುದನ್ನು ನಂಬೋಣ?”

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ವಿಶ್ವ ಹಿಗ್ಗುವ ವೇಗವನ್ನು ಹೆಚ್ಚಿಸುವ, ಏನೆಂದು ಇನ್ನೂ ಗೊತ್ತಾಗದ ಶಕ್ತಿಯೇ ಡಾರ್ಕ್ ಎನರ್ಜಿ. ಅದು ‘ಕುಗ್ಗುತ್ತಿರಬಹುದು’ ಎಂದು ತಲೆಬರಹ ಇರಬೇಕಿತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಟೇಪಿನ ವಿಷಯ. ನನಗೆ ತುಂಬಾ ಇಷ್ಟವಾದ ಭಾಗ ಅದು.

ಹುಟ್ಟಿದ ಹೊಸತರಲ್ಲಿ ವಿಶ್ವವೆಲ್ಲ ಕುದಿಯುವ ಅನಿಲ. ಬೆಳಕಿಗೆ ಅದರಿಂದ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಒತ್ತಡ ಜಾಸ್ತಿ ಇದ್ದ ಕಡೆಯಿಂದೆಲ್ಲ ಅಲೆಗಳು ಹೊರಟವು, ಸದ್ದು ಹರಡುವ ಹಾಗೆ. ಸುಮಾರು 3,80,000 ವರ್ಷಕ್ಕೆ ಎಲ್ಲ ತಣ್ಣಗಾಗಿ ಬೆಳಕು ಹೊರಟುಹೋಯಿತು. ಅಲೆಗಳು ಇದ್ದಲ್ಲೇ ನಿಂತವು. ಅಷ್ಟರಲ್ಲಿ ಅವು ಸಾಗಿದ್ದ ದೂರ ವಿಶ್ವದ ಜೊತೆಗೇ ಹಿಗ್ಗಿ, ಇವತ್ತಿಗೆ ಸುಮಾರು 49 ಕೋಟಿ ಜ್ಯೋತಿರ್ವರ್ಷ ಆಗಿದೆ. ಒಂದು ಗ್ಯಾಲಕ್ಸಿಯಿಂದ ಅಷ್ಟು ದೂರದಲ್ಲಿ ಇನ್ನೊಂದು ಸಿಗುವ ಸಾಧ್ಯತೆ ಒಂಚೂರು ಜಾಸ್ತಿ. ಅದೇ ನಮ್ಮ ಟೇಪು. ಆ ಒಂಚೂರು ಕಾಣಬೇಕಾದರೆ ಲಕ್ಷಗಟ್ಟಲೆ ಗ್ಯಾಲಕ್ಸಿ ಎಣಿಸಬೇಕು.

ಅಮೆರಿಕದ ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲೆ, 4 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ‘ಡೆಸಿ’ (DESI) ಎಂಬ ಉಪಕರಣ ಮಾಡುತ್ತಿರುವುದು ಇದನ್ನೇ. ಅದರಲ್ಲಿ 5,000 ಪುಟ್ಟ ರೋಬೋಗಳಿವೆ. ಒಂದೊಂದೂ ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಒಂದು ಗ್ಯಾಲಕ್ಸಿಯ ಬೆಳಕಿಗೆ ಒಡ್ಡಿ ನಿಲ್ಲುತ್ತದೆ. ಸುಮಾರು 20 ನಿಮಿಷ ಆದಮೇಲೆ ಎಲ್ಲವೂ ಚೂರು ಚೂರು ಸರಿದು ಬೇರೆ ಗ್ಯಾಲಕ್ಸಿಗಳ ಕಡೆ ತಿರುಗುತ್ತವೆ. ಬೆಳಕು ಎಷ್ಟು ಕೆಂಪಿಗೆ ಜಾರಿದೆ ಎಂದು ನೋಡಿದರೆ, ಅದು ಹೊರಟ ಮೇಲೆ ವಿಶ್ವ ಎಷ್ಟು ಹಿಗ್ಗಿತು ಎನ್ನುವುದು ಗೊತ್ತಾಗುತ್ತದೆ. ನಮ್ಮ ಟೇಪು ಎಷ್ಟು ಉದ್ದ ಕಾಣುತ್ತದೆ ಎನ್ನುವುದರಿಂದ ದೂರ ಸಿಗುತ್ತದೆ. ಎರಡನ್ನೂ ಕೂಡಿಸಿದರೆ ಯಾವ ಕಾಲದಲ್ಲಿ ವಿಶ್ವ ಎಷ್ಟು ವೇಗವಾಗಿ ಹಿಗ್ಗಿತು, ಡಾರ್ಕ್ ಎನರ್ಜಿ ಬದಲಾಯಿತೇ ಎಂದು ನೋಡಬಹುದು. ಮೂರು ವರ್ಷದ ಲೆಕ್ಕ, 1.4 ಕೋಟಿಗೂ ಹೆಚ್ಚು ಗ್ಯಾಲಕ್ಸಿ ಮತ್ತು ಕ್ವೇಸಾರ್‌ಗಳದ್ದು (ಕ್ವೇಸಾರ್ ಅಂದರೆ ಬಹುದೂರದ, ತುಂಬಾ ಪ್ರಕಾಶದ ಗ್ಯಾಲಕ್ಸಿ ಕೇಂದ್ರ), 2025ರ ಮಾರ್ಚ್‌ನಲ್ಲಿ ಹೊರಬಂತು.

ಈಗ ‘ಬಹುದು’. ಡೆಸಿ ಲೆಕ್ಕ ಒಂದನ್ನೇ ಇಟ್ಟುಕೊಂಡರೆ ಬದಲಾಗದ ಡಾರ್ಕ್ ಎನರ್ಜಿಗೂ ಅದು ಹೊಂದುತ್ತದೆ. ಆದಿಕಾಲದ ಬೆಳಕಿನ ಅಳತೆ, ಸೂಪರ್‌ನೋವಾ (ಸಿಡಿದ ನಕ್ಷತ್ರ) ಅಳತೆ ಎಲ್ಲ ಕೂಡಿಸಿದಾಗ ತಾಳೆ ತಪ್ಪುತ್ತದೆ. ಎಷ್ಟು? ಯಾವ ಸೂಪರ್‌ನೋವಾ ಪಟ್ಟಿ ಹಿಡಿಯುತ್ತೀರಿ ಎನ್ನುವುದರ ಮೇಲೆ 2.8ರಿಂದ 4.2 ಸಿಗ್ಮಾ. ಸಿಗ್ಮಾ ಹೆಚ್ಚಾದಷ್ಟೂ ಅದು ಬರೀ ಆಕಸ್ಮಿಕ ಆಗಿರುವ ಸಾಧ್ಯತೆ ಕಡಿಮೆ. ಕಂಡುಹಿಡಿದೆವು ಅನ್ನಲು 5 ಬೇಕು. ಪಟ್ಟಿ ಬದಲಿಸಿದರೆ ಉತ್ತರ ಇಷ್ಟು ಅಲುಗಾಡುತ್ತದೆ ಅಂದರೆ ಅಳತೆಯಲ್ಲೇ ಏನೋ ಹುಳುಕಿರಬಹುದು ಅಲ್ವಾ? ನನಗಂತೂ ಆ ಅನುಮಾನ ಹೋಗಿಲ್ಲ.

ಹಾಗಂತ ಹಳೆಯದೆಲ್ಲ ಸುಳ್ಳಾಗಲಿಲ್ಲ. ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡವು. ಅದನ್ನು ಧೈರ್ಯವಾಗಿ ನಂಬಿ. ‘ಬದಲಾಗುವುದಿಲ್ಲ’ ಎನ್ನುವುದನ್ನು ಮಾತ್ರ ಯಾರೂ ಸಾಬೀತು ಮಾಡಿರಲಿಲ್ಲ. ಇದ್ದ ಅಳತೆಗೆ ಆ ಸರಳ ಊಹೆ ಸಾಕಾಗಿತ್ತು, ಅಷ್ಟೇ. ನಾವು ಅದನ್ನೂ ಗಟ್ಟಿ ಸತ್ಯದ ಹಾಗೆ ಬರೆದುಬಿಟ್ಟೆವು.

ಡೆಸಿಯ ಮುಂದಿನ ಲೆಕ್ಕ ಬಂದಾಗ ತಲೆಬರಹ ನಾನೇ ಬರೆಯುತ್ತೇನೆ.